ಜಗಲಿ ಮೇಲೆ ಉಚ್ಚೆ ಮಾಡುವ, ದಣಪೆ ಹಾರಿ ಓಡುವ ನಾಯಿ: ಏನು ಮಾಡೋದು?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ತೋಟದ ಮನೆ. ನಾಲ್ಕು ತಿಂಗಳ ಹಿಂದೆ ಮೈದುನ ಬೆಂಗಳೂರಿನ ಫ್ಲಾಟಿನಿಂದ ಎರಡು ವರ್ಷದ ಗಂಡು ನಾಯಿಯನ್ನು ತಂದು ಬಿಟ್ಟುಹೋದರು. ಮುಧೋಳ ಮಿಶ್ರ ತಳಿ ಅಂತಾರೆ, ಹೆಸರು ಬ್ರೂನೋ. ಅಂಗಳದಲ್ಲಿ ಎಷ್ಟು ಹೊತ್ತು ಬಿಟ್ಟರೂ ಉಚ್ಚೆ ಮಾಡುವುದಿಲ್ಲ, ಒಳಗೆ ಬಂದು ಜಗಲಿ ಮೇಲೇ ಮಾಡುತ್ತಾನೆ. ಈಗ ತುಳಸಿಕಟ್ಟೆಗೂ ಕಾಲೆತ್ತಲು ಶುರು ಮಾಡಿದ್ದಾನೆ. ಸ್ವಲ್ಪ ಕಣ್ಣು ತಪ್ಪಿದರೆ ದಣಪೆ (ಅಡ್ಡಗಳುವಿನ ಗೇಟು) ಹಾರಿಯೋ ಬೇಲಿ ಅಡಿಯಿಂದ ನುಸುಳಿಯೋ ಓಡಿಹೋಗುತ್ತಾನೆ, ಕೆಲವು ಸಲ ಮರುದಿನ ಬರುತ್ತಾನೆ. ಕೆಳಗಿನ ಮನೆಯವರ ಎರಡು ಕೋಳಿ ಹಿಡಿದ. ಕಟ್ಟಿದರೆ ದಿನವಿಡೀ ಊಳಿಡುತ್ತಾನೆ. ಹೊಡೆದು ನೋಡಿದ್ದೂ ಆಯಿತು. ಅತ್ತೆಯವರು ಯಾರಿಗಾದರೂ ಕೊಟ್ಟುಬಿಡಿ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ:

ಕೊಡಬೇಡಿ. ಎರಡು ತಿಂಗಳು ತಡೆಯಿರಿ. ಬ್ರೂನೋ ಒಂದು ಸಲ ಮನೆ ಬದಲಿಸಿ ಬಂದಿದ್ದಾನೆ, ಇನ್ನೊಂದು ಮನೆಗೆ ಹೋದರೆ ಇದೇ ತೊಂದರೆ ಇನ್ನೂ ಜಾಸ್ತಿಯಾಗಿ ಅಲ್ಲಿಗೆ ಹೋಗುತ್ತದೆ. ಆಮೇಲೆ ಅವರೂ ಬೇರೆಯವರಿಗೆ ಕೊಡುತ್ತಾರೆ. ಹೀಗೆ ಕೈ ಬದಲಾಗುತ್ತಾ ಕೊನೆಗೆ ರಸ್ತೆಗೆ ಬಿದ್ದ ನಾಯಿಗಳನ್ನು ನಾನು ತುಂಬಾ ನೋಡಿದ್ದೇನೆ.

ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದೇ ಮಾತು: "ಅಂಗಳದಲ್ಲಿ ಎಷ್ಟು ಹೊತ್ತು ಬಿಟ್ಟರೂ". ಎರಡೂ ಸಮಸ್ಯೆಯ ಬೇರು ಅಲ್ಲೇ ಇದೆ. ಅಂಗಳಕ್ಕೆ ಬಿಡೋದು ಬೇರೆ, ಕರೆದುಕೊಂಡು ಹೋಗೋದು ಬೇರೆ. ಒಬ್ಬನೇ ಅಂಗಳದಲ್ಲಿರುವ ನಾಯಿಗೆ ಎಲ್ಲಿ ಉಚ್ಚೆ ಮಾಡಬೇಕು ಅಂತ ಯಾರೂ ಕಲಿಸುತ್ತಿಲ್ಲ. ಎಲ್ಲಿಯವರೆಗೆ ಹೋಗಬಹುದು ಅಂತಲೂ ಕಲಿಸುತ್ತಿಲ್ಲ. ಅದು ಅಲ್ಲಿ ತನಗೆ ತಾನೇ ಏನು ಕಲಿಯುತ್ತದೆ ಗೊತ್ತಾ? ಬೇಲಿ ಎಲ್ಲಿ ಸಡಿಲ ಇದೆ ಅಂತ.

ಮೊದಲು ಒಂದು ಕೆಲಸ ಮಾಡಿ. ಪಶುವೈದ್ಯರ ಹತ್ತಿರ ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರಕೋಶದ ಸೋಂಕು, ಕಲ್ಲು, ಸಕ್ಕರೆ ಕಾಯಿಲೆ ಏನಿದ್ದರೂ ನಾಯಿಗೆ ತಡೆದುಕೊಳ್ಳಲು ಆಗುವುದಿಲ್ಲ. ಬೆಳಿಗ್ಗೆ ಮೊದಲ ಸಲ ಉಚ್ಚೆ ಮಾಡುವಾಗ, ತೊಳೆದು ಒಣಗಿಸಿದ ಉದ್ದ ಹಿಡಿಯ ಹಳೇ ಸೌಟನ್ನು ನಿಧಾನಕ್ಕೆ ಕೆಳಗೆ ಹಿಡಿಯಿರಿ, ಶುದ್ಧ ಬಾಟಲಿಗೆ ಹಾಕಿ ಒಂದೆರಡು ತಾಸಿನೊಳಗೆ ಮುಟ್ಟಿಸಿ. ರಕ್ತ ಕಂಡರೆ, ತಿಣುಕಿದರೆ, ಪದೇ ಪದೇ ಹನಿ ಹನಿ ಮಾಡಿದರೆ, ನೀರು ವಿಪರೀತ ಕುಡಿದರೆ ತಡ ಮಾಡಬೇಡಿ.

ಕಾಯಿಲೆ ಇಲ್ಲ ಅಂತಾದರೆ, ನನ್ನ ಅಂದಾಜು ಹೀಗಿದೆ. ಬ್ರೂನೋ ಎರಡು ವರ್ಷ ಫ್ಲಾಟಿನಲ್ಲಿ ಬೆಳೆದವನು. ಬಾಲ್ಕನಿಯ ಟೈಲ್ಸ್ ಮೇಲೋ ಬಚ್ಚಲಲ್ಲೋ ಉಚ್ಚೆ ಮಾಡಿ ರೂಢಿ ಆಗಿರುತ್ತದೆ. ನಾಯಿ ಮರಿಯಾಗಿದ್ದಾಗ ಕಾಲಿಗೆ ತಾಗಿದ ನೆಲ ಯಾವುದೋ ಅದೇ ತನ್ನ ಕಕ್ಕಸು ಅಂತ ತಿಳಿಯುತ್ತದೆ. ನಿಮ್ಮ ಮನೆಯಲ್ಲಿ ಆ ಟೈಲ್ಸಿನಂತೆ ನಯವಾಗಿ, ತಂಪಾಗಿ ಇರುವ ಜಾಗ ಯಾವುದು? ಜಗಲಿ. ಅಂಗಳದ ಮಣ್ಣು, ಹುಲ್ಲು, ತೋಟದ ಕೆಸರು ಅವನಿಗೆ ಓಡಾಡುವ ಜಾಗ, ಮೂಸುವ ಜಾಗ. ಅಲ್ಲಿ ತಡೆದುಕೊಂಡು, ಒಳಗೆ ಬಂದು "ಸರಿಯಾದ ಜಾಗದಲ್ಲಿ" ಮಾಡುತ್ತಿದ್ದಾನೆ. ನೀವು ಅದಕ್ಕೆ ಹೊಡೆದಿರಿ. ಪಾಪ, ಅವನಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ.

ಹೊಡೆಯುವುದನ್ನು ಇವತ್ತೇ ನಿಲ್ಲಿಸಿ. ಉಚ್ಚೆಗೆ ಮೂತಿ ತಿಕ್ಕುವುದನ್ನೂ. ಉಚ್ಚೆ ಮಾಡಿ ಐದು ನಿಮಿಷ ಆದ ಮೇಲೆ ಬೈದರೆ ನಾಯಿ ಅದನ್ನು ಉಚ್ಚೆಗೆ ಜೋಡಿಸಿಕೊಳ್ಳುವುದಿಲ್ಲ. ಮಾಡುವಾಗಲೇ ಹೊಡೆದರೆ ಇನ್ನೊಂದು ಪಾಠ ಕಲಿಯುತ್ತದೆ, ಇವರ ಎದುರು ಮಾಡಬಾರದು ಅಂತ. ಆಮೇಲೆ ನೀವು ಹಗ್ಗ ಹಿಡಿದು ಅಂಗಳದಲ್ಲಿ ನಿಂತರೂ ನಿಮ್ಮ ಎದುರು ಮಾಡುವುದಿಲ್ಲ, ಅಟ್ಟದ ಮೆಟ್ಟಿಲ ಸಂದಿ, ಮಂಚದ ಅಡಿ ಹುಡುಕುತ್ತದೆ. "ತಲೆ ತಗ್ಗಿಸ್ತಾನೆ, ತಪ್ಪು ಗೊತ್ತಿದೆ ಅವನಿಗೆ" ಅಂತ ತುಂಬಾ ಜನ ಹೇಳುತ್ತಾರೆ. ಅದು ನಿಮ್ಮ ಮುಖ, ದನಿ ನೋಡಿ ಹುಟ್ಟಿದ ಹೆದರಿಕೆ.

ಹಾಗಾದರೆ ಕಲಿಸುವುದು ಹೇಗೆ? ಮನೆಯಿಂದ ಸ್ವಲ್ಪ ದೂರ, ಕೊಟ್ಟಿಗೆಯ ಹಿಂದೆಯೋ ಹಿತ್ತಿಲಲ್ಲೋ ಒಂದೇ ಒಂದು ಜಾಗ ಆರಿಸಿ. ಅಲ್ಲಿ ಎರಡು ಹಳೇ ಟೈಲ್ಸ್ ಹಾಸಿ. ಜಗಲಿಯ ಉಚ್ಚೆ ಒರೆಸಿದ ಬಟ್ಟೆ ತುಂಡೊಂದನ್ನು ಪಕ್ಕದಲ್ಲಿ ಕಲ್ಲಿನ ಅಡಿ ಇಡಿ, ತನ್ನದೇ ವಾಸನೆ ಅವನಿಗೆ ಗುರುತು. ಬೆಳಿಗ್ಗೆ ಎದ್ದ ಕೂಡಲೇ, ಊಟ ಆಗಿ ಕಾಲು ತಾಸಿನಿಂದ ಅರ್ಧ ತಾಸಿನೊಳಗೆ, ಆಟ ಆಡಿದ ಮೇಲೆ, ರಾತ್ರಿ ಮಲಗುವ ಮೊದಲು, ಹೀಗೆ ಶುರುವಿನಲ್ಲಿ ದಿನಕ್ಕೆ ಆರೇಳು ಸಲ ಬೆಲ್ಟಿಗೆ ಹಗ್ಗ ಹಾಕಿ ಅಲ್ಲಿಗೇ ಕರೆದುಕೊಂಡು ಹೋಗಿ. ಹೋಗಿ ಸುಮ್ನೆ ನಿಲ್ಲಿ. ಮಾತಾಡಬೇಡಿ, ಫೋನ್ ನೋಡಬೇಡಿ. ಹತ್ತು ನಿಮಿಷ ಸಾಕು. ಮಾಡಿದ ಅಂತಿಟ್ಟುಕೊಳ್ಳಿ, ಮುಗಿಸುತ್ತಿದ್ದ ಹಾಗೇ, ಒಂದೆರಡು ಸೆಕೆಂಡಿನೊಳಗೆ, ಬಾಯಿಗೆ ತಿಂಡಿ. ನಿಮ್ಮದು ಸಸ್ಯಾಹಾರದ ಮನೆಯಾದರೆ ತುಪ್ಪ ಹಚ್ಚಿದ ದೋಸೆ ಚೂರು, ಪನೀರ್ ಚೂರು ಸಾಕು. ಈರುಳ್ಳಿ ಹಾಕಿದ್ದು ಬೇಡ. ಒಣದ್ರಾಕ್ಷಿಯಂತೂ ಬೇಡವೇ ಬೇಡ, ನಾಯಿಯ ಮೂತ್ರಪಿಂಡಕ್ಕೆ ಅದು ವಿಷ. ತಿಂಡಿ ಸೊಂಟದಲ್ಲೇ ಇರಲಿ. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟ ಹಾಗೆ.

ಇಲ್ಲಿ ತುಂಬಾ ಜನ ಮಾಡುವ ಒಂದು ತಪ್ಪಿದೆ. ಉಚ್ಚೆ ಆದ ಕೂಡಲೇ ನಾಯಿಯನ್ನು ಎಳೆದುಕೊಂಡು ಒಳಗೆ ಬರುತ್ತಾರೆ. ಉಚ್ಚೆ ಮಾಡಿದರೆ ತಿರುಗಾಟ ಮುಗಿಯಿತು ಅಂತ ಅದಕ್ಕೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ, ಆಮೇಲೆ ಎಷ್ಟು ಹೊತ್ತಾದರೂ ತಡೆದುಕೊಳ್ಳುತ್ತದೆ. ನೀವು ತಿರುಗಿಸಿ ಮಾಡಿ. ಮೊದಲು ಉಚ್ಚೆ, ಆಮೇಲೆ ತೋಟದ ತನಕ ತಿರುಗಾಟ. ಮಾಡಲಿಲ್ಲವಾ? ಬೈಯದೆ ಒಳಗೆ ತನ್ನಿ, ಆದರೆ ಬಿಡಬೇಡಿ. ಹಗ್ಗವನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಂಡು ಕೆಲಸ ಮಾಡಿ, ಇಲ್ಲವೇ ಪಕ್ಕದಲ್ಲೇ ಗೋಣಿ ಹಾಸಿ ಮಲಗಿಸಿಕೊಳ್ಳಿ, ಕಾಲು ತಾಸು ಬಿಟ್ಟು ಮತ್ತೆ ಅಲ್ಲಿಗೇ ಹೋಗಿ. ಟೈಲ್ಸ್ ಮೇಲೆ ತಪ್ಪದೆ ಮಾಡಲು ಶುರು ಮಾಡಿದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಮಣ್ಣು ಎರಚುತ್ತಾ ಬನ್ನಿ. ಎರಡು ಮೂರು ವಾರದಲ್ಲಿ ಟೈಲ್ಸ್ ಮಣ್ಣಿನಡಿ ಮುಚ್ಚಿಹೋಗಬೇಕು. ಅಷ್ಟರಲ್ಲಿ ಕಾಲಿಗೆ ಮಣ್ಣಿನ ರೂಢಿ ಆಗಿರುತ್ತದೆ.

ಊಟ ದಿನಕ್ಕೆ ಎರಡು ಸಲ, ಹೊತ್ತು ಹಿಡಿದು. ಉಳಿದದ್ದೆಲ್ಲ ಆಗಾಗ ಹಾಕುತ್ತಾ ಇದ್ದರೆ ಹೊಟ್ಟೆಗೂ ಹೊತ್ತಿರುವುದಿಲ್ಲ. ನೀರು ಮಾತ್ರ ಯಾವಾಗಲೂ ಇರಲಿ, ಉಚ್ಚೆ ಮಾಡ್ತಾನೆ ಅಂತ ನೀರು ತಪ್ಪಿಸಬೇಡಿ.

ಜಗಲಿ ತೊಳೆಯುವುದಕ್ಕೆ ಫಿನಾಯಿಲ್ ಸಾಲುವುದಿಲ್ಲ. ಅದರ ಘಾಟು ನಮ್ಮ ಮೂಗಿಗೆ ಮುಚ್ಚುತ್ತದೆ ಅಷ್ಟೇ, ನಾಯಿಯ ಮೂಗಿಗೆ ಅಡಿಯಲ್ಲಿ ಉಚ್ಚೆ ಇದ್ದೇ ಇರುತ್ತದೆ. ಅಮೋನಿಯಾ ಇರುವ ದ್ರಾವಣ ಇನ್ನೂ ಕೆಟ್ಟದ್ದು, ಅದರ ವಾಸನೆಯೇ ಉಚ್ಚೆಯ ಹಾಗೆ. ಸಾಕುಪ್ರಾಣಿಗಳ ಉಚ್ಚೆಗೆಂದೇ ಎಂಜೈಮ್ ಇರುವ ದ್ರಾವಣ ಸಿಗುತ್ತದೆ, ಅದನ್ನು ತರಿಸಿ. ಉಚ್ಚೆ ಬಿದ್ದಲ್ಲಿ ಸುರಿದು, ಬಾಟಲಿ ಮೇಲೆ ಬರೆದಷ್ಟು ಹೊತ್ತು ಹಾಗೇ ಬಿಟ್ಟು ಆಮೇಲೆ ಒರೆಸಿ. ಕೂಡಲೇ ಒರೆಸಿದರೆ ಕೆಲಸ ಮಾಡುವುದಿಲ್ಲ. ಮಣ್ಣಿನ ನೆಲವಾದರೆ ಮೇಲಿನ ಪದರ ಕೆರೆದು ತೆಗೆದು, ಹೊಸ ಮಣ್ಣು ಹಾಕಿ ಸಾರಿಸಿ.

ಇನ್ನು ನಮ್ಮ ಕಡೆಯ ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬರುತ್ತದೆ. ಘಟ್ಟದ ಮೇಲೆ ನಿಮ್ಮಲ್ಲೂ ಏನು ಕಡಿಮೆ ಇಲ್ಲ. ಚೆನ್ನಾಗಿ ಕಲಿತ ನಾಯಿಯೂ ಆಷಾಢದ ಮಳೆಗೆ ಅಂಗಳಕ್ಕೆ ಇಳಿಯಲು ಒಪ್ಪುವುದಿಲ್ಲ. ಬೆರಳ ಸಂದಿಗೆ ಉಂಬಳ (ಜಿಗಣೆ) ಹತ್ತಿದರೆ ಮುಗಿಯಿತು, ಆ ಜಾಗವೆಂದರೆ ಹೆದರಿಕೆ. ಅದಕ್ಕೇ ಆರಿಸಿದ ಜಾಗಕ್ಕೆ ಈಗಲೇ ನಾಲ್ಕು ಕಂಬ ನೆಟ್ಟು ಸೋಗೆಯೋ ತಗಡೋ ಹೊದಿಸಿ, ಸುತ್ತ ಹುಲ್ಲು ಸವರಿ, ನೆಲಕ್ಕೆ ಸ್ವಲ್ಪ ಜಲ್ಲಿ ಹಾಕಿ. ಕೊಟ್ಟಿಗೆಯ ಮಾಡಿನಡಿಯಿಂದಲೇ ಅಲ್ಲಿಗೆ ಹೋಗುವ ಹಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಮಳೆಯಲ್ಲಿ ನೀವೂ ಕೊಡೆ ಹಿಡಿದು ಜೊತೆಗೆ ಹೋಗಬೇಕು. ಬಾಗಿಲು ತೆಗೆದು "ಹೋಗು ಹೋಗು" ಅಂದರೆ ಹೋಗಲ್ಲ. ಬಂದ ಮೇಲೆ ಕಾಲು ಒರೆಸಿ, ಬೆರಳ ಸಂದಿ ನೋಡಿ.

ತುಳಸಿಕಟ್ಟೆಗೆ ಕಾಲೆತ್ತುವುದು ಬೇರೆಯದೇ ವಿಷಯ. ಜಗಲಿ ಮೇಲೆ ಒಂದೇ ಸಲ ಹೊಂಡದಷ್ಟು ಮಾಡುತ್ತಾನೆ, ಅಲ್ವಾ? ಕಟ್ಟೆಗೆ, ಕಂಬಕ್ಕೆ, ಬೈಕಿನ ಚಕ್ರಕ್ಕೆ ಮಾಡುವುದು ನಾಲ್ಕೇ ಹನಿ. ಅದು ಗುರುತು ಹಾಕುವುದು. ಬಹುಶಃ ಬೇರೆ ನಾಯಿ ರಾತ್ರಿ ಬಂದು ಹಾಕಿ ಹೋದದ್ದರ ಮೇಲೆ ಇವನು ತನ್ನದು ಹಾಕುತ್ತಾನೆ. ಇದಕ್ಕೂ, ಓಡಿಹೋಗುವುದಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ತುಂಬಾ ಗಂಡು ನಾಯಿಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಬೆದೆಗೆ ಬಂದ ಹೆಣ್ಣಿನ ವಾಸನೆ ಗಾಳಿಯಲ್ಲಿ ಬಲು ದೂರ ಬರುತ್ತದೆ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಪ್ರತಿ ಸಲ ಮೂರು ವಾರ ಬೆದೆಯಲ್ಲಿರುತ್ತದೆ. ಊರಲ್ಲಿ ಹತ್ತು ಹೆಣ್ಣು ನಾಯಿ ಇದ್ದರೆ ನಿಮ್ಮ ಬ್ರೂನೋಗೆ ವರ್ಷಪೂರ್ತಿ ಕರೆ ಇದ್ದ ಹಾಗೇ. ಮರುದಿನ ಬರುತ್ತಾನೆ ಅಂದಿರಲ್ಲ, ಆ ದಿನಗಳಿಗೆ ಕಾರಣ ಇದೇ ಇರಬೇಕು. ಆದರೆ ಶಸ್ತ್ರಚಿಕಿತ್ಸೆಯ ಮರುದಿನವೇ ಬದಲಾಗುತ್ತಾನೆ ಅಂದುಕೊಳ್ಳಬೇಡಿ, ಹಾರ್ಮೋನು ಇಳಿಯಲು ವಾರಗಳು ಬೇಕು. ಹೊಲಿಗೆ ಮಾಯುವ ತನಕ, ಅಂದರೆ 10ರಿಂದ 14 ದಿನ, ಒಣ ಜಾಗದಲ್ಲಿ ಇಟ್ಟುಕೊಳ್ಳಿ. ಮಳೆ ಕಡಿಮೆಯಾದ ಮೇಲೆ ಮಾಡಿಸಿದರೆ ನಿಮಗೂ ಸುಲಭ.

ಎಲ್ಲ ಓಟಕ್ಕೂ ಇದೊಂದೇ ಕಾರಣವಲ್ಲ. ಮುಧೋಳ ರಕ್ತ ಇದ್ದರೆ ಅವನು ಕಣ್ಣಿಗೆ ಕಂಡದ್ದರ ಹಿಂದೆ ಓಡುವವನು. ಆ ತಳಿಯನ್ನು ಬೆಳೆಸಿದ್ದೇ ಬಾಗಲಕೋಟೆ ಕಡೆಯ ಬಯಲಿನಲ್ಲಿ ಬೇಟೆಗೆ. ಕೋಳಿ, ಮಂಗ, ಕೆಂದಳಿಲು, ಏನು ಓಡಿದರೂ ಕಾಲು ತಾನಾಗಿ ಹೋಗುತ್ತದೆ. ಇನ್ನೊಂದು, ಹೆದರಿಕೆ. ತೋಟದಲ್ಲಿ ಮಂಗ ಓಡಿಸಲು ಪಟಾಕಿ ಹೊಡೆಯುತ್ತಾರಲ್ಲ, ಫ್ಲಾಟಿನಿಂದ ಬಂದ ನಾಯಿಗೆ ಅದು ಎದೆ ಒಡೆಯುವ ಶಬ್ದ. ದೊಡ್ಡಹಬ್ಬದ (ದೀಪಾವಳಿ) ದಿನ, ಜೋರು ಗುಡುಗಿನ ದಿನ ಅವನನ್ನು ಮನೆಯ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಜೊತೆಗೊಬ್ಬರು ಕೂತು ಇಟ್ಟುಕೊಳ್ಳಿ. ಮತ್ತೊಂದು ಸುಮ್ನೆ ಬೇಸರ. ಆದ್ದರಿಂದ ಒಂದು ವಾರ ಬರೆದಿಡಿ: ಎಷ್ಟು ಹೊತ್ತಿಗೆ ಹೋದ, ಎಲ್ಲಿಂದ ಹೋದ, ಅದಕ್ಕೆ ಮೊದಲು ಏನಾಗಿತ್ತು. ಕೆಂಪು ಮಣ್ಣು ಒದ್ದೆ ಇದ್ದಾಗ ಹೆಜ್ಜೆ ಚೆನ್ನಾಗಿ ಮೂಡುತ್ತದೆ, ಅವನ ದಾರಿ ನಿಮಗೇ ಕಾಣುತ್ತದೆ. ಹೆಚ್ಚಿನ ನಾಯಿಗಳು ಒಂದೆರಡು ಕಡೆಯಿಂದಲೇ ಹೋಗುತ್ತವೆ.

ಇಡೀ ತೋಟಕ್ಕೆ ಬೇಲಿ ಭದ್ರ ಮಾಡಲು ಹೋಗಬೇಡಿ, ಆಗದ ಮಾತು. ಮನೆಗೆ ತಾಗಿ 20 ಅಡಿಗೆ 30 ಅಡಿ ಜಾಗ ಗಟ್ಟಿ ಮಾಡಿ, ಸಾಕು. ಎತ್ತರ ಆರು ಅಡಿ ಇರಲಿ, ಮುಧೋಳದ ಕಾಲಿಗೆ ನಾಲ್ಕಡಿ ಏನೂ ಅಲ್ಲ. ಬೇಲಿಯ ಒಳಗಡೆ ಪಕ್ಕದಲ್ಲಿ ಕಟ್ಟಿಗೆ ರಾಶಿ, ತೆಂಗಿನ ಸಿಪ್ಪೆ ರಾಶಿ, ಕಲ್ಲುಗುಪ್ಪೆ ಇದ್ದರೆ ತೆಗೆಯಿರಿ, ಅದು ಅವನಿಗೆ ಏಣಿ. ಅಡಿಯಿಂದ ತೋಡುವುದಕ್ಕೆ ಮದ್ದು ಸುಲಭ. ತಂತಿ ಬಲೆಯನ್ನು ಬೇಲಿಯ ಬುಡದಿಂದ ಒಳಗಡೆಗೆ ಒಂದೂವರೆ ಅಡಿ ನೆಲದ ಮೇಲೇ ಮಡಚಿ ಹಾಸಿ, ಮೇಲೆ ಚಿರೆಕಲ್ಲು ಹೇರಿ. ನಾಯಿ ಬುಡದಲ್ಲೇ ತೋಡುತ್ತದೆ, ಉಗುರಿಗೆ ಬಲೆ ಸಿಕ್ಕಿದರೆ ಬಿಡುತ್ತದೆ, ಹಿಂದೆ ಸರಿದು ತೋಡಬೇಕು ಅನ್ನುವುದು ಅದಕ್ಕೆ ಹೊಳೆಯುವುದಿಲ್ಲ. ಅಂಕೋಲಾ, ಕಾರವಾರದ ಹೊಯ್ಗೆ (ಮರಳು) ನೆಲದಲ್ಲಿ ಇದು ಸಾಲುವುದಿಲ್ಲ, ಅಲ್ಲಿ ಕಲ್ಲನ್ನು ಹುಗಿದೇ ಕೂರಿಸಬೇಕು. ದಣಪೆಯ ಸಂದಿಗೆ ಅಡಿಕೆ ದಬ್ಬೆ ಒತ್ತೊತ್ತಾಗಿ ಕಟ್ಟಿ. ಆ ಕಡೆ ರಸ್ತೆ, ಕೋಳಿ ಕಾಣದ ಹಾಗೆ ಹಸಿರು ಬಲೆಯನ್ನೋ ಸೋಗೆ ತಟ್ಟಿಯನ್ನೋ ಇಳಿಬಿಡಿ. ಕಾಣದಿದ್ದರೆ ಓಡುವ ಆಸೆಯೂ ಕಡಿಮೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬೇಲಿ ಸುತ್ತಿ ಬನ್ನಿ, ನೀರು ಹರಿದು ಮಣ್ಣು ಕೊಚ್ಚಿದ ಕಡೆ ಬಾಯಿ ಬಿಟ್ಟಿರುತ್ತದೆ.

ತೋಟಕ್ಕೆ ಶಾಕ್ ಕೊಡುವ ಐಬೆಕ್ಸ್ ಬೇಲಿ ಇದ್ದರೂ ನಾಯಿಗೆ ಅದನ್ನು ನಂಬಬೇಡಿ. ಕೋಳಿ ಹಿಂದೆ ಓಡುವ ಭರದಲ್ಲಿ ಶಾಕ್ ತಿಂದೂ ದಾಟುತ್ತದೆ, ವಾಪಸ್ ಬರುವಾಗ ಮಾತ್ರ ಹೆದರಿ ಹೊರಗೇ ನಿಲ್ಲುತ್ತದೆ. ಲೈನಿನ ಕರೆಂಟನ್ನು ನೇರ ತಂತಿಗೆ ಕೊಡುವುದು ಅಪರಾಧ, ಜನರೇ ಸತ್ತಿದ್ದಾರೆ, ಆ ಯೋಚನೆಯೇ ಬೇಡ.

ಕಟ್ಟುವುದೇ ಆದರೆ ಒಂದು ಎಚ್ಚರ. ಹಾರಬಹುದಾದ ಗೋಡೆ, ಪಾಗಾರ, ಕಟ್ಟೆಯ ಪಕ್ಕ ಎಂದೂ ಕಟ್ಟಬೇಡಿ. ಆಚೆಗೆ ಹಾರಿ ಕುತ್ತಿಗೆ ಸಿಕ್ಕಿ ನೇತಾಡಿ ಸತ್ತ ನಾಯಿಯನ್ನು ನಾನೇ ಇಳಿಸಿದ್ದೇನೆ. ಎರಡು ಕಂಬದ ನಡುವೆ 20 ಅಡಿ ತಂತಿ ಎಳೆದು, ಅದರಲ್ಲಿ ಜಾರುವ ಬಳೆಗೆ ಹಗ್ಗ ಕಟ್ಟಿ, ಕುತ್ತಿಗೆಗೆ ಬದಲು ಎದೆಪಟ್ಟಿ ಹಾಕಿ. ಅದೂ ಒಂದೆರಡು ತಾಸಿಗೆ, ನೆರಳಿನಲ್ಲಿ, ನೀರಿಟ್ಟು. ದಿನವಿಡೀ ಕಟ್ಟಿದ ನಾಯಿ ಊಳಿಡದೆ ಇನ್ನೇನು ಮಾಡುತ್ತದೆ?

ಬೇಸರ ಕಳೆಯಬೇಕೆಂದರೆ ಬೆಳಿಗ್ಗೆ, ಸಂಜೆ ಅರ್ಧರ್ಧ ತಾಸು ಹಗ್ಗದಲ್ಲಿ ತಿರುಗಾಡಿಸಿ, ಅವನು ಮೂಸಿದಷ್ಟು ಮೂಸಲಿ. ಮೂಸುವುದರಿಂದ ನಾಯಿಗೆ ದಣಿವೂ ಆಗುತ್ತದೆ, ಸಮಾಧಾನವೂ ಆಗುತ್ತದೆ. ಊಟದ ಒಂದು ಪಾಲನ್ನು ಒಣಹುಲ್ಲಿನಲ್ಲಿ ಎರಚಿ ಹುಡುಕಲು ಬಿಡಿ. ಬೆಟ್ಟದ ದರಕು (ಒಣ ಎಲೆ) ಬೇಡ, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಕರೆದರೆ ಬರುವುದನ್ನು ಕಲಿಸಿ. 40-50 ಅಡಿ ಉದ್ದದ ಹಗುರ ಹಗ್ಗ ಕಟ್ಟಿ ಗದ್ದೆಯಲ್ಲಿ ಬಿಡಿ, ಹೆಸರು ಕರೆಯಿರಿ, ಬಂದರೆ ತಿಂಡಿ ಕೊಟ್ಟು ಮತ್ತೆ ಆಡಲು ಬಿಡಿ. ಕರೆದಾಗಲೆಲ್ಲ ಕಟ್ಟಿಹಾಕಿದರೆ ಯಾರು ಬರುತ್ತಾರೆ ಹೇಳಿ. ಓಡಿಹೋಗಿ ವಾಪಸ್ ಬಂದವನಿಗೆ ಎಷ್ಟು ಸಿಟ್ಟು ಬಂದಿದ್ದರೂ ಬೈಯಬೇಡಿ. ಅಂಕೋಲಾ ಕಡೆಯ ಒಂದು ಮನೆಯ ನಾಯಿ ಹೋಗಿ ಬಂದು ಮನೆಯ ಎದುರಿನ ಗದ್ದೆ ಬದುವಿನ ಮೇಲೆ ಕೂತುಬಿಡುತ್ತಿತ್ತು, ಹಸಿವಿದ್ದರೂ ಒಳಗೆ ಬರುತ್ತಿರಲಿಲ್ಲ. ಪ್ರತಿ ಸಲ ಬಂದಾಗಲೂ ಹೊಡೆತ ಬಿದ್ದಿತ್ತು. ಹೊಡೆಯುವುದು ನಿಲ್ಲಿಸಿ, ಬಂದ ಕೂಡಲೇ ಅನ್ನ ಇಡಲು ಶುರು ಮಾಡಿದ ಮೇಲೆ ಅದು ಮತ್ತೆ ಗೇಟಿನ ತನಕ ಬರಲು ಒಂದು ತಿಂಗಳು ಹಿಡಿಯಿತು.

ಕೋಳಿ ಹಿಡಿಯುವ ಚಟ ಬುದ್ಧಿಮಾತಿಗೆ ಬಿಡುವುದಿಲ್ಲ. ಓಡಿಸುವುದೇ ಅದಕ್ಕೆ ಸುಖ. ಬೇಲಿ, ಹಗ್ಗ ಬಿಟ್ಟರೆ ಬೇರೆ ದಾರಿ ಇಲ್ಲ. ಕೆಳಗಿನ ಮನೆಯವರಿಗೆ ಕೋಳಿಯ ದುಡ್ಡು ಕೊಟ್ಟು, ನೀವೇ ಹೋಗಿ ಮಾತಾಡಿ ಬನ್ನಿ. ನೆರೆಮನೆಯವರ ಸಿಟ್ಟಿಗೆ ಜೀವ ಕಳೆದುಕೊಂಡ ನಾಯಿಗಳೂ ಇವೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಜಿಲ್ಲೆಯಲ್ಲಿ ಬೇಲಿ ದಾಟಿದ ನಾಯಿಗೆ ಅಪಾಯ ಒಂದೆರಡಲ್ಲ. ಘಟ್ಟದ ಮೇಲೆ ಚಿರತೆ, ಅದು ಜಗಲಿಗೇ ಬಂದು ನಾಯಿ ಹೊತ್ತೊಯ್ಯುತ್ತದೆ. ಕತ್ತಲಾದ ಮೇಲೆ ಬ್ರೂನೋ ಬಾಗಿಲಿರುವ ಜಾಗದಲ್ಲೇ ಇರಬೇಕು. ಕಾಡುಹಂದಿಗೆ ಇಟ್ಟ ಉರುಳು, ಸಿಡಿಮದ್ದು. ಕರಾವಳಿಗೆ ಇಳಿದರೆ ಹೆದ್ದಾರಿ 66, ಕೊಂಕಣ ರೈಲು. ನಾವು ಕುಮಟಾದಲ್ಲಿದ್ದಾಗ ಗೇಟು ಅರ್ಧ ತೆರೆದಿದ್ದ ಒಂದು ಸಂಜೆ ನಮ್ಮ ಹೆಣ್ಣುನಾಯಿ ಹೆದ್ದಾರಿಗೆ ಹೋಗಿ ಲಾರಿಗೆ ಸಿಕ್ಕಿತು. ಇವತ್ತಿಗೂ ಗೇಟಿನ ಚಿಲಕ ಹಾಕಿದ ಮೇಲೆ ಇನ್ನೊಂದು ಸಲ ಎಳೆದು ನೋಡುತ್ತೇನೆ.

ಮತ್ತೆ ಉಣುಗು, ಅಂದರೆ ಉಣ್ಣೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಈಗ ಸಿದ್ದಾಪುರ, ಶಿರಸಿ, ಹೊನ್ನಾವರ ಕಡೆಗೂ ಬರುತ್ತದೆ. ಚಳಿಗಾಲದಿಂದ ಮೇ ತನಕ ಜಾಸ್ತಿ. ಅದನ್ನು ಹರಡುವುದು ಕಾಡಿನ ಉಣುಗು. ರಾತ್ರಿಯೆಲ್ಲ ಬೆಟ್ಟ ಸುತ್ತಿ ಬಂದ ನಾಯಿ ಅದನ್ನು ಮೈಮೇಲೆ ಹೊತ್ತು ಮನೆಗೆ ತರಬಹುದು, ಬೆಟ್ಟದಿಂದ ತಂದ ದರಕಿನಲ್ಲೂ ಅದು ಬರುತ್ತದೆ. ಪಶುವೈದ್ಯರನ್ನು ಕೇಳಿ ಉಣುಗಿನ ಮಾತ್ರೆಯನ್ನೋ ಬೆನ್ನಿಗೆ ಹಾಕುವ ಔಷಧಿಯನ್ನೋ ಹೊತ್ತಿಗೆ ಸರಿಯಾಗಿ ಕೊಡಿ. ಕಿವಿ, ಬೆರಳ ಸಂದಿ, ಕುತ್ತಿಗೆ ದಿನಾ ನೋಡಿ. ಸಿಕ್ಕಿದ್ದನ್ನು ಚಿಮಟದಲ್ಲಿ ಹಿಡಿದು ತೆಗೆದು ಸ್ಪಿರಿಟ್ಟಿಗೆ ಹಾಕಿ, ಉಗುರಿನಲ್ಲಿ ಒರೆಯಬೇಡಿ. ಮನೆಯಲ್ಲಿ ಯಾರಿಗಾದರೂ ಜೋರು ಜ್ವರ ಬಂದರೆ ನಾಯಿ, ಉಣುಗಿನ ವಿಷಯವನ್ನು ಡಾಕ್ಟರಿಗೆ ಹೇಳಿ. ಬ್ರೂನೋಗೆ ರೇಬೀಸ್ ಲಸಿಕೆ ವರ್ಷ ವರ್ಷವೂ ತಪ್ಪಬಾರದು. ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರ್ ಇರಲಿ.

ಎಷ್ಟು ದಿನ ಬೇಕು? ಉಚ್ಚೆಗೆ ನಾಲ್ಕರಿಂದ ಆರು ವಾರ ಹಿಡಿಯಿರಿ, ನಡುವೆ ಎರಡು ಮೂರು ಸಲ ಮತ್ತೆ ಜಗಲಿ ಮೇಲೆ ಮಾಡಿಯೇ ಮಾಡುತ್ತಾನೆ. ಆಗ ಬಿಡಬೇಡಿ. ಅತ್ತೆಯವರಿಗೂ ಒಂದು ಕೆಲಸ ಕೊಡಿ. ಬೆಳಿಗ್ಗೆ ದೋಸೆ ಹೊಯ್ಯುವಾಗ ಒಂದು ಚೂರು ತೆಗೆದಿಟ್ಟು, ಅಡುಗೆಮನೆ ಬಾಗಿಲಲ್ಲಿ ನಿಂತು ಅವನ ಹೆಸರು ಕರೆದು ಕೊಡಲಿ, ಅಷ್ಟೇ. ದಿನಾ ಕರೆದರೆ ದಿನಾ ಬರುತ್ತಾನೆ.

ಗೋಡೆಯ ಕ್ಯಾಲೆಂಡರಿನಲ್ಲಿ ಜಗಲಿ ಮೇಲೆ ಮಾಡಿದ ದಿನ ಒಂದು ಕೆಂಪು ಚುಕ್ಕೆ, ಓಡಿಹೋದ ದಿನ ನೀಲಿ ಚುಕ್ಕೆ ಇಡಿ. ಎರಡು ವಾರ ಕಳೆದ ಮೇಲೆ ಆ ಹಾಳೆಯ ಫೋಟೋ, ಜೊತೆಗೆ ದಣಪೆ ಮತ್ತು ಬೇಲಿಯ ಫೋಟೋ ಕಳಿಸಿ. ಎಲ್ಲಿ ಇನ್ನೂ ಸಡಿಲ ಇದೆ ನೋಡಿ ಹೇಳುತ್ತೇನೆ.